ತಂಗಿ ತಂದ ಬಂದರಿನ ಚಿತ್ರಗಳು

ನಮ್ಮಪ್ಪನದು ತಾಂಡೂರಿನಲ್ಲಿ ಫರಸಿ ಕಲ್ಲಿನ ವ್ಯಾಪಾರ. ಗಣಿಯಿಂದ ಎತ್ತಿನ ಗಾಡಿಯಲ್ಲಿ ಬಂದ ಹಾಸುಗಲ್ಲುಗಳನ್ನು ಮನೆಯ ಹಿಂದಿನ ಬಯಲಿನಲ್ಲಿ ಸಾಲಾಗಿ ಒರಗಿಸಿ ನಿಲ್ಲಿಸುತ್ತಿದ್ದರು. ಮೂಲೆ ಮುರಿದ ಕಲ್ಲು ಯಾರಿಗೂ ಬೇಡ, ಅವೆಲ್ಲ ನನ್ನವು. ಬಳಪದ ಚೂರು ಹಿಡಿದು ಅವುಗಳ ಮೇಲೆ ನವಿಲು, ಆನೆ, ಬಳ್ಳಿ, ಬಸವಣ್ಣ ಬರೆಯುತ್ತಲೇ ನಾನು ದೊಡ್ಡವಳಾದೆ. ಹದಿನಾಲ್ಕು ತುಂಬುವ ಹೊತ್ತಿಗೆ ಮದುವೆಯ ಮನೆಯವರು ಗೋಡೆ ಬರೆಸಲು ನನ್ನನ್ನು ಕರೆಯತೊಡಗಿದ್ದರು. ನಾರಾಯಣಖೇಡದ ಸೋದರತ್ತೆಯ ಮನೆಯಲ್ಲಿ ನಾನು ಬರೆದ ಜೋಡಿ ಆನೆಗಳನ್ನು ಎರಡು ವರ್ಷ ಸುಣ್ಣ ಬಳಿಯದೆ ಹಾಗೇ ಉಳಿಸಿಕೊಂಡಿದ್ದರು. "ಗೆರಿ ಎಳಿಯೋದು ಅಂದ್ರ ನಮ್ಮ ದೊಡ್ಡಾಕೀನೇ" ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹೇಳಲಿ ಎಂದು ನಾನು ಬಾಗಿಲ ಹತ್ತಿರವೇ ಸುಳಿದಾಡುತ್ತಿದ್ದೆ.

ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳ ಕೈಗೆ ರಂಗೋಲಿ ಕೊಟ್ಟರೆ ಚುಕ್ಕಿಯ ಸಾಲು ಓಣಿಯ ಹಾಗೆ ಡೊಂಕಾಗುತ್ತಿತ್ತು. ಅವಳು ಹಾಕಿದ್ದನ್ನು ಅಳಿಸಿ ನಾನು ಮತ್ತೆ ಹಾಕುತ್ತಿದ್ದೆ. ಅವಳಿಗೆ ಅದರಿಂದ ಬೇಸರವಾಗುತ್ತಿತ್ತೋ ಇಲ್ಲವೋ, ನಾನು ತಿರುಗಿ ನೋಡಿದವಳಲ್ಲ.

ನನ್ನನ್ನು ಜಹೀರಾಬಾದಿಗೆ ಕೊಟ್ಟರು. ಗಂಡ ಅಲ್ಲಿ ಉರ್ದು ಶಾಲೆಯ ಮಾಸ್ತರ. ವಿಕಾರಾಬಾದಿನಲ್ಲಿ ಗಾಡಿ ಬದಲಾಯಿಸಿದರೆ ಅರ್ಧ ದಿನದಲ್ಲಿ ತವರಿಗೆ ಬರಬಹುದು. ಮೂರು ವರ್ಷದ ಮೇಲೆ ತಂಗಿಗೆ ಮುಂಬಯಿಯ ಸಂಬಂಧ ಕೂಡಿಬಂತು. ಹುಡುಗ ನಮ್ಮ ಕಡೆಯವನೇ. ಬಂದರಿನ ಉಗ್ರಾಣದಲ್ಲಿ ಕಾರಕೂನ. ಅವಳು ವಾಡಿಯ ಕಡೆಗೆ ಹೋಗುವ ಗಾಡಿ ಹತ್ತಿದ ದಿನ ನಾನು ಮನಸ್ಸಿನಿಂದಲೇ ಅತ್ತೆ. ಆಗ ನನಗೆ ಅವಳ ಮೇಲೆ ಏನೂ ಇರಲಿಲ್ಲ.

ಅವಳು ಮತ್ತೆ ಬಂದದ್ದು ಎರಡು ವರ್ಷದ ಮೇಲೆ, ಚೊಚ್ಚಲ ಬಸುರಿಯಾಗಿ, ಏಳನೆಯ ತಿಂಗಳಲ್ಲಿ. ಅವ್ವನಿಗೆ ಮೊಣಕಾಲಿನ ನೋವು. ಬಾಣಂತನಕ್ಕೆ ನಾನೇ ನಿಲ್ಲಬೇಕೆಂದು ಅಪ್ಪ ಕಾಗದ ಬರೆಸಿದ್ದರು. ಮೂರು ವರ್ಷದ ಮಗಳನ್ನು ಕಟ್ಟಿಕೊಂಡು ನಾನು ಮೊದಲೇ ಬಂದಿದ್ದೆ. ಜರ್ಮನಿಯ ಯುದ್ಧ ನಡೆದಿದ್ದ ಕಾಲ ಅದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಕಾಗದ ಸಿಗುತ್ತಿರಲಿಲ್ಲ. ನನ್ನ ಗಂಡ ಹುಡುಗರ ಹಳೆಯ ಪರೀಕ್ಷೆಯ ಹಾಳೆಗಳ ಬೆನ್ನಿಗೆ ಲೆಕ್ಕ ಬರೆಸುತ್ತಿದ್ದರು.

ಅಂಥ ಕಾಲದಲ್ಲಿ ತಂಗಿಯ ಟ್ರಂಕಿನಿಂದ ಒಂದು ಪುಸ್ತಕ ಹೊರಬಂತು. ಕಂದು ಬಟ್ಟೆಯ ರಟ್ಟು, ಒಳಗೆ ದಪ್ಪನೆಯ, ಸ್ವಲ್ಪ ಒರಟಾದ ಕಾಗದ. ನಾನು ಮೊದಲು ಚಿತ್ರ ನೋಡಲೇ ಇಲ್ಲ, ಹಾಳೆಯನ್ನು ಬೆರಳಿನಿಂದ ಸವರಿದೆ. ಅಷ್ಟು ಒಳ್ಳೆಯ ಕಾಗದ ನನ್ನ ಜೀವಮಾನದಲ್ಲಿ ನನ್ನ ಕೈಗೆ ಬಂದಿರಲಿಲ್ಲ. ಅದರ ತುಂಬ ಅವಳು ಇದ್ದಿಲು ಉಜ್ಜಿದ್ದಳು.

"ಇದೇನವ್ವ, ಒಲಿ ಬಳದ ಕೈ ಒರಸೀಯೇನ?" ಅಂದೆ.

ಅವಳು ನಕ್ಕಳು. "ಹತ್ತಿರದಿಂದ ನೋಡಬ್ಯಾಡ ಅಕ್ಕ. ಅಲ್ಲಿ ಕಂಬದ ಹತ್ರ ಹೋಗಿ ನಿಲ್ಲು, ನಾ ಹಿಡೀತೀನಿ."

ಹೋಗಿ ನಿಂತೆ. ಅವಳು ಅಂಗಳದ ಆ ತುದಿಯಲ್ಲಿ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಳು. ಆಗ ಆ ಕರೀ ಮಸಿಯೊಳಗಿಂದ ಒಂದು ಹಡಗು ಎದ್ದು ಬಂತು. ಹಿಂದೆ ಇನ್ನೊಂದು, ಮಂಜಿನಲ್ಲಿ ಅರ್ಧ ಕರಗಿದ್ದು. ಹೆಬ್ಬೆರಳಿನಿಂದ ತಿಕ್ಕಿದ ಕಲೆ ಹೊಗೆಯಾಗಿತ್ತು. ಏನೂ ಬರೆಯದೆ ಬಿಟ್ಟ ಬಿಳಿಯ ಜಾಗ ನೀರಾಗಿ ಮಿನುಗುತ್ತಿತ್ತು. ನನ್ನ ಕಾಲ ಕೆಳಗಿನ ಕಲ್ಲು ಸ್ವಲ್ಪ ಅಲುಗಿದ ಹಾಗಾಯಿತು. ಒಂದು ಗೆರೆಯೂ ನೆಟ್ಟಗಿರಲಿಲ್ಲ. ಒಂದು ಹಡಗಿಗೂ ಪೂರ್ತಿ ಅಂಚಿರಲಿಲ್ಲ. ಆದರೂ ಅವು ತೇಲುತ್ತಿದ್ದವು. ನನ್ನ ಆನೆಗಳು ಇಷ್ಟು ವರ್ಷ ನಿಂತಲ್ಲೇ ನಿಂತಿದ್ದವು ಎಂಬುದು ನನಗೆ ಅವತ್ತು ಮೊದಲ ಸಲ ಹೊಳೆಯಿತು.

"ಯಾರ ಕಲಿಸಿದ್ರು?" ಎಂದು ಕೇಳಿದೆ.

ಅವರಿದ್ದ ಚಾಳಿನ ಕೆಳಗಿನ ಖೋಲಿಯಲ್ಲಿ ಒಬ್ಬ ಮರಾಠಿ ವಿಧವೆ, ಮೊದಲು ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದವಳು, ಇದ್ದಳಂತೆ. ಗಂಡ ಕೆಲಸಕ್ಕೆ ಹೋದ ಮೇಲೆ ತಂಗಿ ಒಬ್ಬಳೇ ಅಳುತ್ತ ಕೂರುವುದನ್ನು ನೋಡಿ ಆಕೆ ಇದ್ದಿಲು ಕೊಟ್ಟು ಮಾಳಿಗೆಗೆ ಕರೆದುಕೊಂಡು ಹೋದಳಂತೆ. ಅಲ್ಲಿಂದ ಬಂದರು ಕಾಣುತ್ತದೆ. "ಕಣ್ಣ ಅರ್ಧಾ ಮುಚ್ಚಿ ನೋಡು, ಉಳದದ್ದಷ್ಟೇ ಬರಿ ಅಂದ್ಲು. ನಂಗಂತೂ ಗೆರಿ ಬರಂಗಿಲ್ಲಲ್ಲ ಅಕ್ಕ, ಅದಕ್ಕ ಸಸಾರ ಆತು" ಎಂದಳು ತಂಗಿ. ಅವಳು ಅದನ್ನು ನನ್ನ ಚುಚ್ಚಲೆಂದು ಹೇಳಿರಲಿಲ್ಲ. ಅದೇ ನನಗೆ ಇನ್ನೂ ಕಷ್ಟವಾಯಿತು.

ಸಂಜೆ ಅಪ್ಪ ಬಂದು ಕಟ್ಟೆಯ ಮೇಲೆ ಕೂತು ಪುಸ್ತಕ ನೋಡಿದರು. ಒಂದೊಂದು ಹಾಳೆಗೂ ಹೊತ್ತು ತಗೊಂಡರು. ಮಳೆಯಲ್ಲಿ ಟ್ರಾಮು, ಅದರ ದೀಪ ರಸ್ತೆಯ ನೀರಿನಲ್ಲಿ ಉದ್ದಕ್ಕೆ ಇಳಿದದ್ದು. ಕೊಡೆಗಳ ಗುಂಪು, ಕೆಳಗೆ ಕಾಲೇ ಇಲ್ಲ. ಚೀಲ ಹೊತ್ತು ಹಲಗೆಯ ಮೇಲೆ ಹತ್ತುವ ಹಮಾಲರು. ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಮೀನಿನ ಹೆಂಗಸರು. ತಲೆ ತಗ್ಗಿಸಿ ನಿಂತ ಟಾಂಗಾದ ಕುದುರೆ. ನಮ್ಮಪ್ಪ ಹೈದರಾಬಾದಿನ ಆಚೆ ಹೋದವರಲ್ಲ.

"ಸಮುದ್ರ ಇಷ್ಟ ದೊಡ್ಡದ ಅದನ?" ಎಂದು ಕೇಳಿದರು.

"ಇದರಾಗ ಕಾಲು ಭಾಗಾನೂ ಹಿಡದಿಲ್ಲಪ್ಪ" ಎಂದಳು ತಂಗಿ.

ಅಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ಇಷ್ಟು ವರ್ಷದಲ್ಲಿ ನನ್ನ ಯಾವ ಚಿತ್ರದ ಮುಂದೂ ಅವರು ಹಾಗೆ ಮಾತು ಮರೆತು ಕೂತದ್ದು ನನಗೆ ನೆನಪಿಲ್ಲ. "ಭೇಷ್" ಅನ್ನುತ್ತಿದ್ದರು, ಎದ್ದು ಹೋಗುತ್ತಿದ್ದರು. ನನ್ನ ಮಗಳಂತೂ ಅವತ್ತಿನಿಂದ ಚಿಕ್ಕಮ್ಮನ ಸೆರಗು ಬಿಡಲಿಲ್ಲ. "ಜಹಾಜು ತೋರ್ಸು" ಎಂದು ಬೆಳಗಿನಿಂದ ಬೈಗಿನವರೆಗೆ ಅವಳ ಹಿಂದೆಯೇ. ನಾನು ಸ್ಲೇಟಿನ ಮೇಲೆ ನವಿಲು ಬರೆದು ಕರೆದರೆ, ನೋಡಿ, "ಹೂಂ" ಎಂದು ಮತ್ತೆ ಓಡುತ್ತಿದ್ದಳು.

ತಂಗಿಯ ಸೀಮಂತ, ಕುಬಸದ ದಿನ ಬಂತು. ಇಲ್ಲಾದರೂ ನನ್ನ ಕೈ ಏನೆಂದು ತೋರಿಸಬೇಕೆಂದು ಹಟ ಹುಟ್ಟಿತು. ಅವಳು ಕೂರುವ ಮಣೆಯ ಸುತ್ತ, ಪಡಸಾಲೆಯ ನೀಲಿ ಕಲ್ಲಿನ ಮೇಲೆ, ರಂಗೋಲಿಯಲ್ಲಿ ಎಂಟು ದಳದ ಕಮಲ, ದಳಕ್ಕೊಂದು ಆನೆ, ಆನೆಯ ಬೆನ್ನ ಮೇಲೆ ಅಂಬಾರಿ, ಹೊರಗೆ ಗಿಳಿಯ ಬಳ್ಳಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಬಗ್ಗಿದ ಸೊಂಟ ಎತ್ತಲಿಲ್ಲ. ಓಣಿಯ ಹೆಂಗಸರು ಬಂದವರು ಬಾಗಿಲಲ್ಲೇ ನಿಂತು "ಕಾಲ ಇಡಾಕ ಮನಸ್ಸಾಗವಲ್ದು" ಅಂದರು. ನಾನು ಒಳಗೊಳಗೇ ಉಬ್ಬಿದೆ.

ಹಾಡು, ಆರತಿ, ಉಡಿ ತುಂಬುವುದು ಮುಗಿಯಿತು. ಆಮೇಲೆ ಯಾರೋ, "ಮುಂಬೈ ಚಿತ್ರ ಬರದೀಯಂತಲ್ಲ, ತೋರ್ಸವ್ವ" ಎಂದರು. ತಂಗಿ ಬೇಡವೆಂದಳು. ಅವ್ವನೇ ಒಳಗೆ ಹೋಗಿ ತಂದು ಕೊಟ್ಟಳು. ಪುಸ್ತಕ ಬಿಚ್ಚಿದ್ದೇ ತಡ, ಗೋಡೆಗುಂಟ ಕೂತಿದ್ದ ಹೆಂಗಸರೆಲ್ಲ ಎದ್ದು ಮಣೆಯ ಸುತ್ತ ಮುತ್ತಿದರು. ಒಬ್ಬಳಾದರೂ ಕೆಳಗೆ ನೋಡಲಿಲ್ಲ. ಆರತಿಯ ತಟ್ಟೆ ಹಿಡಿದು ನಾನು ನಿಂತೇ ಇದ್ದೆ. ನನ್ನ ಕಣ್ಣೆದುರಿಗೆ ಎಂಟು ಆನೆಗಳೂ ಅವರ ಪಾದದ ಕೆಳಗೆ ಬಿಳಿಯ ಪುಡಿಯಾದವು. ಗುಂಪಿನಲ್ಲಿ ಎದುರುಮನೆಯ ಬೀಬಿಯೂ ಇದ್ದಳು. ಅವಳ ಗಂಡ ಊರಿನ ಪೊಲೀಸ್ ಅಮೀನ. "ಯಾ ಅಲ್ಲಾ, ಪಾನೀ ಖರೇ ಹರದಂಗ ಅದ ನೋಡು" ಎಂದು ಅವಳು ಅನ್ನುವುದು ನನಗೆ ಕೇಳಿಸಿತು. ಅವಳ ದಿಂಬಿನ ಕಸೂತಿಗೆಲ್ಲ ನಕ್ಷೆ ಹಾಕಿಕೊಡುತ್ತಿದ್ದವಳು ನಾನು.

ಎಲ್ಲರೂ ಹೋದ ಮೇಲೆ ತಂಗಿ ನೆಲ ನೋಡಿದಳು. "ಅಯ್ಯ, ನಿಂದೆಲ್ಲ ಅಳಸಿ ಹೋತಲ್ಲ ಅಕ್ಕ" ಎಂದಳು. "ಅದು ಇರೋದೇ ಅಳಸಾಕ" ಎಂದು ನಾನು ಕಸಬರಿಗೆ ತಗೊಂಡೆ.

ಎರಡು ದಿನದ ಮೇಲೆ ಒಂದು ದಿಂಬಿನ ನಕ್ಷೆ ಕೊಡಲು ಬೀಬಿಯ ಮನೆಗೆ ಹೋದೆ. ಅವಳು ನಕ್ಷೆಯನ್ನು ಹಾಗೇ ಮಡಿಚಿ ಪಕ್ಕಕ್ಕಿಟ್ಟು ತಂಗಿಯ ಮಾತೇ ತೆಗೆದಳು. ಎಂಥ ಕೈ, ಎಂಥ ನಜರು, ಮುಂದಿನ ದಿಂಬಿಗೆ ಹಡಗೇ ಬರೆಸಬೇಕು. ಕೇಳಿ ಕೇಳಿ ನನ್ನ ಬಾಯಿ ತಡೆಯಲಿಲ್ಲ.

"ಆಕಿಗೇನು ಬ್ಯಾರೆ ಕೆಲಸ, ಬೀಬಿ. ದಿನಾ ಮಾಳಿಗಿ ಮ್ಯಾಲ ಕುಂತು ಬಂದರದಾಗಿನ ಜಹಾಜು ಬರಿಯೋದು. ಲಡಾಯಿ ಜಹಾಜುನೂ ಬರೀತಾಳ. ಯಾವುದು ಎಲ್ಲಿ ನಿಂತದ, ಎಷ್ಟ ನಿಂತಾವ, ಎಲ್ಲಾ ಅದರಾಗದ. ಯಾರಿಗೆ ಬೇಕೋ ಏನೋ."

ನಗುತ್ತಲೇ ಹೇಳಿದೆ. ಆದರೆ ನನಗೆ ಗೊತ್ತಿತ್ತು. ಯುದ್ಧದ ಹೊತ್ತು, ಸ್ಟೇಷನ್ನಿನಲ್ಲಿ ರೈಲಿನ ಮಾತು ಗಟ್ಟಿಯಾಗಿ ಆಡಿದರೂ ಜನ ಹಿಂದೆ ಮುಂದೆ ನೋಡುತ್ತಿದ್ದರು. ಬಂದರಿನ ನಕ್ಷೆ ಬರೆಯುವುದು ಗುನ್ಹೆ ಎಂದು ನನ್ನ ಗಂಡ ಪೇಪರು ಓದಿ ಹೇಳಿದ್ದರು. ಬೀಬಿಯ ಮುಖದ ನಗು ಇಳಿದದ್ದನ್ನು ನೋಡಿಯೇ ಎದ್ದು ಬಂದೆ. ತಿರುಗಿ ಹೋಗಿ "ತಮಾಷೆಗೆ ಅಂದೆ" ಎಂದು ಹೇಳಬಹುದಿತ್ತು. ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಅಮೀನರು ಬಂದರು. ವಯಸ್ಸಾದ ಮನುಷ್ಯ, ಅಪ್ಪನಿಗೆ ಬಹಳ ವರ್ಷದ ಪರಿಚಯ. ಕಟ್ಟೆಯ ಮೇಲೆ ಕೂತು ಚಹಾ ತಗೊಂಡರು.

"ತಕಲೀಫ್ ಕೊಡಾಕ ಬಂದಿಲ್ಲ ಸಾವಕಾರ್ರ" ಎಂದರು. "ಒಂದು ಮಾತು ಕಿವಿಗೆ ಬಿದ್ದದ. ಸಣ್ಣ ಮಗಳು ಬಂದರದ ನಕ್ಷಾ ಬರೀತಾಳಂತ. ಕೇಳಿದ ಮ್ಯಾಲ ನೋಡಲಾರದೆ ಬಿಡಾಕ ಬರಂಗಿಲ್ಲ. ಆ ಕಿತಾಬು ಒಂದೀಟು ತರಸ್ರಿ."

ಅಪ್ಪ ತಮ್ಮ ಚಹಾದ ಕಪ್ಪನ್ನು ಕುಡಿಯದೆ ಕಟ್ಟೆಯ ಮೇಲಿಟ್ಟರು. ಅಳಿಯ ಬಂದರಿನ ನೌಕರ. ಹೆಂಡತಿಯ ಹೆಸರು ಇಂಥದ್ದರಲ್ಲಿ ಬಂದರೆ ಅವನ ಕೆಲಸದ ಗತಿಯೇನು, ಅವನ ಗತಿಯೇನು, ಇದನ್ನೆಲ್ಲ ನಾನು ಬೀಬಿಯ ಮುಂದೆ ಕೂತಾಗ ಯೋಚಿಸಿರಲಿಲ್ಲ. ಬಾಗಿಲ ಹಿಂದೆ ನಿಂತು ಆ ತುಂಬಿದ ಕಪ್ಪು ನೋಡಿದಾಗ ಒಮ್ಮೆಲೇ ಎಲ್ಲ ಕಂಡಿತು.

"ತಗೊಂಡ ಬಾ" ಎಂದರು ಅಪ್ಪ ನನ್ನ ಕಡೆ ತಿರುಗಿ.

ಒಳಗೆ ತಂಗಿ ಮಲಗಿದ್ದಳು. ಅವಳನ್ನು ಎಬ್ಬಿಸದೆ ದಿಂಬಿನ ಪಕ್ಕದಿಂದ ಪುಸ್ತಕ ತಂದು ಕೊಟ್ಟೆ. ಅಮೀನರು ಕನ್ನಡಕ ಏರಿಸಿ ಮೂಗಿನ ಹತ್ತಿರ ಹಿಡಿದು ನೋಡಿದರು. ಹಾಳೆ ಮಗುಚಿದರು. ಪುಸ್ತಕ ತಿರುವಿ ತಲೆಕೆಳಗು ಮಾಡಿ ನೋಡಿದರು.

"ಇದರಾಗ ಜಹಾಜು ಎಲ್ಲದ?" ಎಂದರು.

ಅಮೀನರು ನನ್ನ ಕಡೆ ನೋಡಿದರು. "ಬೇಟಿ, ನೀ ಈ ಹುನರ್ ಬಲ್ಲಾಕಿ. ನಮ್ಮ ಮನಿ ದಿಂಬೆಲ್ಲ ನಿಂದೇ ನಕ್ಷಾ. ನೀನೇ ಹೇಳು, ಇದು ಏನು?"

ಅವರು ತೆಗೆದಿಟ್ಟ ಹಾಳೆಯಲ್ಲಿ ಮೂರು ದೊಡ್ಡ ಹಡಗುಗಳಿದ್ದವು. ಹತ್ತು ಹೆಜ್ಜೆ ಹಿಂದೆ ಸರಿದಿದ್ದರೆ ಅವರಿಗೂ ಕಾಣುತ್ತಿದ್ದವು.

"ಏನೂ ಅಲ್ಲರಿ" ಎಂದೆ. "ಆಕಿಗೆ ಚಿತ್ರ ಬರಂಗಿಲ್ಲ. ಸಣ್ಣಾಕಿದ್ದಾಗಿಂದ ಒಂದ ಗೆರಿ ನೆಟ್ಟಗ ಎಳದಾಕಿ ಅಲ್ಲ. ಮನಿಯಾಗ ಒಬ್ಬಾಕೆ ಇರ್ತಾಳ, ಹೊತ್ತು ಹೋಗಂಗಿಲ್ಲ, ಇದ್ದಿಲು ತಿಕ್ಕತಾಳ. ಕೂಸು ಗೀಚಿದಂಗ. ಇದರಾಗ ನಕ್ಷಾನೂ ಇಲ್ಲ, ಏನೂ ಇಲ್ಲ. ಓಣಿ ಮಂದಿ ಮುಂಬೈ ಅಂದ ಕೂಡಲೆ ಹೊಗಳ್ತಾರ, ಅಷ್ಟೇ."

ಅವಳನ್ನು ಉಳಿಸಲೆಂದೇ ಹೇಳಿದೆ, ನಿಜ. ಆದರೆ ಹೇಳುತ್ತ ಹೇಳುತ್ತ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಹದಿನೈದು ದಿನದಿಂದ ನಾಲಗೆಯ ಮೇಲೆ ಕಾದು ಕೂತಿದ್ದ ಹಾಗೆ ಬಂತು. ಒಂದೊಂದು ಮಾತಿಗೂ ಎದೆ ಹಗುರಾಗುತ್ತಿತ್ತು. ಅದನ್ನು ನಾನು ಇವತ್ತಿಗೂ ಬೇರೆ ಬಣ್ಣ ಬಳಿದು ಹೇಳಲಾರೆ.

ಅಮೀನರು ನಕ್ಕರು. "ಬಸರಿ ಹುಡಿಗಿ ಆಟ ಆಡ್ಯಾಳ, ಮಂದಿ ಬಾಯಿ ಅದನ್ನ ಎಲ್ಲೀಮಟ ಒಯ್ದದ ನೋಡ್ರಿ" ಎಂದು ಪುಸ್ತಕವನ್ನು ಅಪ್ಪನ ಕೈಗೆ ಕೊಟ್ಟು, "ಆದರೂ ಓಣಿಯವರಿಗೆ ತೋರಸಬ್ಯಾಡ್ರಿ" ಎಂದು ಹೇಳಿ ಎದ್ದರು. ಯಾರು ಹೇಳಿದರೆಂದು ಅಪ್ಪ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು ಅಪ್ಪನ ಕೈಯಿಂದ ಪುಸ್ತಕ ತಗೊಂಡು ತಿರುಗಿದರೆ ನಡುಮನೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಪುಸ್ತಕ ತಗೊಂಡಳು, ಒಳಗೆ ಹೋದಳು, ಟ್ರಂಕಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

ಆಮೇಲೆ ಅವಳು ಇದ್ದಿಲು ಮುಟ್ಟಲಿಲ್ಲ. ನನ್ನ ಮೇಲೆ ಸಿಟ್ಟೂ ಮಾಡಲಿಲ್ಲ. ಊಟ ಮಾಡೆಂದರೆ ಮಾಡುತ್ತಿದ್ದಳು, ನಡೆಯೆಂದರೆ ಅಂಗಳದಲ್ಲಿ ನಡೆಯುತ್ತಿದ್ದಳು. ಒಂದು ದಿನ ಅವಳ ತಲೆ ಬಾಚುತ್ತಿದ್ದಾಗ ಮೆಲ್ಲಗೆ ಕೇಳಿದಳು: "ಅಕ್ಕ, ನಂಗ ಖರೇನ ಬರಂಗಿಲ್ಲೇನ?"

"ಅಮೀನರ ಮುಂದ ಅನ್ನಬೇಕಾತು, ಅಂದೆ" ಎಂದೆ.

"ಅದು ತಿಳೀತು. ಅದನ್ನಲ್ಲ ನಾ ಕೇಳಿದ್ದು."

ಆಗ ಹೇಳಬಹುದಿತ್ತು, ನಿನ್ನ ಹಡಗು ಕಂಡ ದಿನದಿಂದ ನನಗೆ ನಿದ್ದೆಯಿಲ್ಲವೆಂದು. ನಾನು ಜಡೆಯ ತುದಿಗೆ ಗಂಟು ಹಾಕಿ, "ಏಳು, ಹೊತ್ತಾತು" ಎಂದೆ.

ಹೆಣ್ಣು ಮಗು ಹುಟ್ಟಿತು. ಹೆರಿಗೆ ಕಷ್ಟದ್ದಾಯಿತು, ಒಂದು ಹಗಲೆಲ್ಲ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡೇ ಇದ್ದಳು. ಬಳೆ ಒಡೆದು ಚುಚ್ಚಿದ ಗಾಯಗಳನ್ನು ಅವಳಿಗೆ ತೋರಿಸದೆ ಸೆರಗಿನಲ್ಲಿ ಮುಚ್ಚಿಕೊಂಡೆ. ಇಪ್ಪತ್ತು ದಿನ ಕಳೆದಿರಬೇಕು. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿ ತಂದು ಅವಳ ಪಕ್ಕಕ್ಕೆ ಮಲಗಿಸಿದೆ. ಅವಳು ಕೂಸಿನ ಮುಖವನ್ನು ಕಣ್ಣು ಅರ್ಧ ಮುಚ್ಚಿ ನೋಡುತ್ತಿದ್ದಳು. ಅವಳ ಬಲಗೈಯ ಬೆರಳು ಕೌದಿಯ ಮೇಲೆ ಸಣ್ಣಗೆ ಆಡುತ್ತಿತ್ತು, ತಾನು ಆಡಿಸುತ್ತಿದ್ದೇನೆಂದು ಅವಳಿಗೇ ಗೊತ್ತಿಲ್ಲದ ಹಾಗೆ. ನನಗೆ ತಡೆಯಲಾಗಲಿಲ್ಲ.

"ಬೀಬಿಗೆ ಹೇಳಿದಾಕಿ ನಾನೇ" ಎಂದೆ.

ಅವಳು ನನ್ನ ಕಡೆ ತಿರುಗಿದಳು. ನಾನು ನಿಲ್ಲಿಸದೆ ಎಲ್ಲ ಹೇಳಿದೆ: ಅಪ್ಪ ಸುಮ್ಮನೆ ಕೂತದ್ದು, ಮಗಳು ನನ್ನ ನವಿಲು ಬಿಟ್ಟು ಓಡಿದ್ದು, ಕುಬಸದ ದಿನದ ಆನೆಗಳು, ಬೀಬಿ ಮಡಿಚಿಟ್ಟ ನಕ್ಷೆ. ಅಮೀನರ ಮುಂದೆ ಆಡಿದ ಮಾತು ನನಗೆ ಸಿಹಿಯಾಗಿತ್ತೆಂದೂ ಹೇಳಿದೆ.

ಅವಳು ಕೌದಿಯನ್ನು ಕೂಸಿನ ಮೇಲೆ ಎಳೆದಳು. "ಇವರ ನೌಕರಿ ಹೋಗ್ತಿತ್ತು ಅಕ್ಕ" ಎಂದಳು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು.

ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಕೂಸಿಗೆ ನೀರು ಹಾಕಲು ಅವ್ವನನ್ನೇ ಕರೆದಳು. ಅವ್ವ ಮೊಣಕಾಲು ನೀವಿಕೊಳ್ಳುತ್ತ ಬಂದು ಹಾಕಿದಳು. ಏನಾಯಿತೆಂದು ಅವ್ವ ನನ್ನನ್ನು ಕೇಳಿದಳು. ನಾನು ಹೇಳಲಿಲ್ಲ, ತಂಗಿಯೂ ಹೇಳಲಿಲ್ಲ. ಅವಳು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಕರೆದಳು. ಪುಸ್ತಕ ಅವಳ ತೊಡೆಯ ಮೇಲಿತ್ತು.

"ಕುಂದ್ರು" ಎಂದಳು. "ಇದರಾಗ ಯಾವುದು ಕೆಟ್ಟದ್ದು, ಹೇಳು."

"ನನ್ನ ಯಾಕ ಕೇಳ್ತಿ?"

"ಮಂದಿ ಎಲ್ಲಾ ಚಲೋ ಅದ ಅಂತಾರ. ನನ್ನ ಗಂಡನೂ ಅಂತಾನ. ನಿನ್ನಷ್ಟು ಬರೋಬ್ಬರಿ ಯಾರೂ ನೋಡಿಲ್ಲ ಇದನ್ನ. ಉರಕೋತ ನೋಡೀಯಲ್ಲ, ನಿಂಗೇ ಗೊತ್ತು."

ಅವಳ ದನಿಯಲ್ಲಿ ಸಿಟ್ಟು ಇತ್ತು. ಅದು ಆರಿರಲಿಲ್ಲ. ಆದರೂ ಅವಳಿಗೆ ಉತ್ತರ ಬೇಕಾಗಿತ್ತು. ನಾನು ಪುಸ್ತಕ ತಗೊಂಡು ಹಾಳೆ ತಿರುವಿದೆ. ನನಗೆ ಹುಡುಕಬೇಕಾಗಿರಲಿಲ್ಲ, ಯಾವ ಹಾಳೆಯಲ್ಲಿ ಏನಿದೆಯೆಂಬುದು ಬಾಯಿಪಾಠವಾಗಿತ್ತು. ಮಳೆಯ ಟ್ರಾಮು ತೋರಿಸಿದೆ. ನೀರಿನಲ್ಲಿ ದೀಪದ ಬಿಂಬ ಚೆನ್ನಾಗಿ ಬಂದದ್ದಕ್ಕೆ ಅದನ್ನೇ ಇನ್ನೂ ನಾಲ್ಕು ಕಡೆ ಮಾಡಿದ್ದಾಳೆ, ಮೊದಲನೆಯದು ಕಂಡದ್ದು, ಉಳಿದವು ರೂಢಿ ಬಿದ್ದದ್ದು ಎಂದೆ. ಹಮಾಲರ ಬೆನ್ನಿಗೆ ಭಾರವಿದೆ, ಕಾಲಿಗೆ ಭಾರವಿಲ್ಲ ಎಂದೆ. ಮೂರು ಹಡಗಿನ ಹಾಳೆಗೆ ಬಂದಾಗ ನಿಲ್ಲಿಸಿದೆ.

"ಇದಕ್ಕ ಏನಂತಿ?"

"ಇದಕ್ಕೇನೂ ಅನ್ನಾಕ ಬರಂಗಿಲ್ಲ" ಎಂದೆ. "ಇದನ್ನ ನೋಡಿದಾಗೆಲ್ಲ ನಾ ಬರೀಬೇಕಿತ್ತು ಅನಸ್ತದ."

ಅವಳು ಪುಸ್ತಕ ಮುಚ್ಚಿದಳು. ಕ್ಷಮಿಸಿದೆ ಅನ್ನಲಿಲ್ಲ. "ನಾಳಿಂದ ಕೂಸಿಗೆ ನೀನೇ ನೀರು ಹಾಕು, ಅವ್ವಗ ಆಗವಲ್ದು" ಎಂದಳು.

ಕೂಸಿಗೆ ಐದು ತಿಂಗಳಾದಾಗ ಅವಳು ಮುಂಬಯಿಗೆ ಹೋದಳು. ನಾನು ಜಹೀರಾಬಾದಿಗೆ ಬಂದೆ. ವರ್ಷದ ಮೇಲೆ ಅಂಚೆಯವನು ಒಂದು ಉದ್ದನೆಯ ಸುರುಳಿ ತಂದುಕೊಟ್ಟ. ಒಳಗೆ ಆ ದಪ್ಪ ಕಾಗದದ ಎಂಟು ಹಾಳೆ, ಒಂದು ಬಟ್ಟೆಯ ಪುಡಿಕೆಯಲ್ಲಿ ಇದ್ದಿಲ ಕಡ್ಡಿ. ತಂಗಿ ಕಳಿಸಿದ್ದು, ಜೊತೆಗೆ ಒಂದು ಸಾಲೂ ಬರೆದಿರಲಿಲ್ಲ. ತಿಂಗಳ ಮೇಲೆ ತಿಂಗಳು ಅದನ್ನು ಬಟ್ಟೆ ಹಾಕುವ ಗಳದ ಮೇಲೆ ಹಾಗೇ ಇಟ್ಟೆ. ಅವಳ ಹತ್ತಿರ ಕಲಿಯುವುದೇ ಎಂಬ ಸೊಕ್ಕು. ಕೊನೆಗೆ ಒಂದು ಸಂತೆಯ ದಿನ, ಮಗಳನ್ನು ಗಂಡನ ಶಾಲೆಗೆ ಕಳಿಸಿ, ದನದ ಸಂತೆ ಕಾಣುವ ಹಿತ್ತಿಲ ಗೋಡೆಯ ಹತ್ತಿರ ಕೂತೆ. ಕಣ್ಣು ಅರ್ಧ ಮುಚ್ಚಿದೆ. ಧೂಳು, ಕೊಂಬು, ರೈತರ ತಲೆಯ ಪಟಗ, ಎಲ್ಲ ಒಂದಾಗಿ ಕಂಡವು. ಆದರೆ ಕೈ ಹಳೆಯದು; ಎತ್ತಿನ ಅಂಚು ಸಿಕ್ಕಿದ ಕೂಡಲೆ ಗಟ್ಟಿಯಾಗಿ ಹಿಡಿದುಕೊಂಡಿತು. ಏಳು ಹಾಳೆ ಕೆಟ್ಟವು. ಎಂಟನೆಯದು ಅಷ್ಟು ಕೆಡಲಿಲ್ಲವೆಂದು ಅವಳಿಗೆ ಕಳಿಸಿದೆ.

ಹದಿನೈದು ದಿನಕ್ಕೆ ಕಾರ್ಡು ಬಂತು. "ಎತ್ತು ಚಲೋ ನಿಂತಾವ. ಸಂತಿ ಇನ್ನೂ ನೆರದಿಲ್ಲ" ಎಂದಷ್ಟೇ ಬರೆದಿದ್ದಳು, ಕೆಳಗೆ ಕೂಸು ಮಾತಾಡತೊಡಗಿದೆಯೆಂದು.

ಸಿಟ್ಟಿಗೆ ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು. ಮೂರನೆಯ ದಿನ ಗಂಡನ ಹಳೆಯ ಪರೀಕ್ಷೆಯ ಹಾಳೆಗಳ ಕಟ್ಟು ಬಿಚ್ಚಿ, ಒಲೆಯ ಬೂದಿಯಿಂದ ಒಂದು ಒಳ್ಳೆಯ ಇದ್ದಿಲು ಆರಿಸಿಕೊಂಡು ಮತ್ತೆ ಗೋಡೆಯ ಹತ್ತಿರ ಹೋಗಿ ಕೂತೆ.